ರೋಗಿ ಬೇಡ, ರಕ್ತದ ಟ್ಯೂಬ್ ಬೆಂಗಳೂರಿಗೆ ಹೋಗಲಿ: ಒಬ್ಬ ಕಿಡ್ನಿ ಕಸಿ ರೋಗಿಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಮಸ್ಕಾರ. ನಾನು ಒಬ್ಬ ಟೈಲರ್. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ ಇದೆ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವುದೇ ಜಾಸ್ತಿ. 2019ರ ಫೆಬ್ರವರಿಯಲ್ಲಿ ನನಗೆ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವರು ನನ್ನ ಅಮ್ಮ.

ಊರಿನ ಹೆಸರು, ಆಸ್ಪತ್ರೆಗಳ ಹೆಸರು ಬರೆಯುತ್ತಿಲ್ಲ. ಹೆದರಿಕೆಯಿಂದ ಅಲ್ಲ. ಬರೆದರೆ ಏನಾಗುತ್ತದೆ ಎಂದು ಗೊತ್ತು. ಗುತ್ತಿಗೆ ಮೇಲೆ ಕೆಲಸ ಮಾಡುವ ಯಾವುದೋ ನರ್ಸಮ್ಮನಿಗೆ ನೋಟಿಸ್ ಹೋಗುತ್ತದೆ, ಫೈಲ್ ಮುಚ್ಚುತ್ತದೆ. ನನ್ನ ದೂರು ಯಾವ ನರ್ಸಮ್ಮನ ಮೇಲೂ ಅಲ್ಲ.

ತಮ್ಮಿಬ್ಬರಿಗೂ ಒಂದೇ ಪತ್ರ ಬರೆಯಲು ಕಾರಣವಿದೆ. ನನಗೆ ಆಪರೇಷನ್ ಆದ ದೊಡ್ಡಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಜ್ವರ ಬಂದರೆ ನಾನು ಮೊದಲು ಓಡುವ ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು. ಇವೆರಡರ ನಡುವೆ ಏನಿದೆ ಎಂದು ಕೇಳಿದರೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಫೈಲ್ ಹಿಡಿದುಕೊಂಡ ನಾನು ಇದ್ದೇನೆ. ಬೇರೇನೂ ಇಲ್ಲ.

ಮೊದಲು ಸರ್ಕಾರದ ಉಪಕಾರ ಹೇಳುತ್ತೇನೆ. ಕಿಡ್ನಿ ಹೋಗಿದೆ ಎಂದು ಗೊತ್ತಾದದ್ದು 2017ರಲ್ಲಿ. ಬಿಪಿ ಇತ್ತು, ನಾನು ನೋಡಿಸಿಕೊಂಡಿರಲಿಲ್ಲ. ಎರಡು ವರ್ಷ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಯಿತು, ಒಂದು ರೂಪಾಯಿ ಕೊಡಲಿಲ್ಲ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಕಸಿ ಆಪರೇಷನ್ ಖರ್ಚನ್ನು ಸರ್ಕಾರದ ಯೋಜನೆಯೇ ಭರಿಸಿತು. ಮೊದಲ ವರ್ಷದ ಮಾತ್ರೆಗೂ ನೆರವು ಬಂತು. ಆಪರೇಷನ್ ಮಾಡಿದ ಡಾಕ್ಟರುಗಳ ಕೈಗುಣ ದೊಡ್ಡದು. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯೇಟಿನಿನ್ 11 ಇದ್ದದ್ದು ಒಂದೇ ವಾರದಲ್ಲಿ 1.1ಕ್ಕೆ ಇಳಿಯಿತು. ಎರಡು ವರ್ಷದ ನಂತರ ಹೊಟ್ಟೆ ತುಂಬಾ ನೀರು ಕುಡಿದೆ. ಡಯಾಲಿಸಿಸ್‌ನಲ್ಲಿ ಇದ್ದವರಿಗೆ ಮಾತ್ರ ಗೊತ್ತು ಆ ನೀರಿನ ರುಚಿ.

ನನ್ನ ದೂರು ಶುರುವಾಗುವುದು ಅದರ ನಂತರ.

ಕಸಿ ಆಯಿತು ಅಂದರೆ ಕಾಯಿಲೆ ಮುಗಿಯಿತು ಎಂದು ಊರಿನವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ವಾರ್ಡಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ್ ಕೂತು ಬಿಡಿಸಿ ಹೇಳಿದರು. ಲೋಕದಲ್ಲಿ ಮೊದಲು ಗೆದ್ದ ಕಿಡ್ನಿ ಕಸಿ 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಯಿತಂತೆ, ಅಚ್ಚು ಹಾಕಿದಂತಿದ್ದ ಅವಳಿ ಅಣ್ಣತಮ್ಮಂದಿರ ನಡುವೆ. ಅವಳಿಗಳಾದ್ದರಿಂದ ದೇಹಕ್ಕೆ ಅದು ಬೇರೆಯವರದು ಎಂದು ಅನ್ನಿಸಲೇ ಇಲ್ಲ. ಉಳಿದವರಿಗೆ ಹಾಗಲ್ಲ. ಹೆತ್ತ ತಾಯಿಯ ಕಿಡ್ನಿಯಾದರೂ ದೇಹ ಅದನ್ನು ಹೊರಗಿನದು ಎಂದೇ ನೋಡುತ್ತದೆ, ಹೊಡೆಯಲು ಹೋಗುತ್ತದೆ. ಆ ಹೊಡೆತ ತಡೆಯಲು ದೇಹದ ಕಾವಲನ್ನೇ ಮಾತ್ರೆಯಿಂದ ಮಂಕು ಮಾಡಬೇಕು. ಕಿಡ್ನಿ ಇರುವಷ್ಟು ದಿನ, ದಿನಕ್ಕೆ ಎರಡು ಸಲ, ಗಡಿಯಾರ ನೋಡಿಕೊಂಡು. ಮಾತ್ರೆ ಕಡಿಮೆಯಾದರೆ ಕಿಡ್ನಿ ಹೋಗುತ್ತದೆ. ಹೆಚ್ಚಾದರೆ ಸೋಂಕು ಬರುತ್ತದೆ, ಅಥವಾ ಆ ಮಾತ್ರೆಯೇ ಕಿಡ್ನಿಗೆ ಪೆಟ್ಟು ಕೊಡುತ್ತದೆ. ನೇರ ಹೊಲಿಗೆ ಹಾಕುವವನಿಗೆ ಇದು ಬೇಗ ಅರ್ಥವಾಯಿತು. ಒಂದು ನೂಲು ಆಚೆ ಈಚೆ ಆದರೂ ಬಟ್ಟೆ ಕೆಟ್ಟಂತೆ.

ಕಾವಲು ಮಂಕು ಮಾಡುವ ನನ್ನ ಮಾತ್ರೆ ಮೂರು. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೋಲೋನ್. ಜೊತೆಗೆ ಬಿಪಿಗೆ, ಹೊಟ್ಟೆಗೆ, ಈಗ ಶುಗರಿಗೆ. ಟ್ಯಾಕ್ರೋಲಿಮಸ್ ತಗೊಂಡರೆ ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲು ಈಗ ನನ್ನ ಮಗಳು ಬೇಕು. ಇದನ್ನು ದೂರು ಎಂದು ಬರೆಯುತ್ತಿಲ್ಲ, ಸುಮ್ನೆ ಹೇಳಿದೆ.

ಕಸಿಯಾಗಿ ಐದನೇ ತಿಂಗಳಿಗೆ ಮೊದಲ ಪೆಟ್ಟು ಬಿತ್ತು. ಜ್ವರ, ನಿಲ್ಲದ ಭೇದಿ, ಬಿಳಿ ರಕ್ತಕಣ ಇಳಿದುಹೋಯಿತು. ಸಿಎಂವಿ ಎಂಬ ವೈರಸ್. ಸಾಮಾನ್ಯ ಜನರ ದೇಹದಲ್ಲಿ ಅದು ಸುಮ್ಮನೆ ಮಲಗಿರುತ್ತದಂತೆ, ನಮ್ಮಂಥವರಲ್ಲಿ ಎದ್ದು ಕೂರುತ್ತದೆ. ಮೂರು ವಾರ ಗ್ಯಾನ್ಸಿಕ್ಲೋವಿರ್ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ. ಆ ಮಾತ್ರೆ ಒಂದೊಂದಕ್ಕೂ 200 ರೂಪಾಯಿ ಮೇಲೆ. ಸರ್ಕಾರಿ ಯೋಜನೆಯ ಕೌಂಟರಿನಲ್ಲಿದ್ದ ಆರೋಗ್ಯ ಮಿತ್ರ ಪಾಪ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಹೇಳಿದರು: "ಅಣ್ಣ, ಕಸಿ ಆಪರೇಷನ್ನಿಗೆ ಕೋಡ್ ಇದೆ. ಇದಕ್ಕೆ ಕೋಡ್ ಸಿಗ್ತಾ ಇಲ್ಲ." ಕೋಡ್ ಇಲ್ಲ ಅಂದರೆ ಯೋಜನೆಯ ದುಡ್ಡೂ ಇಲ್ಲ. ಅಮ್ಮನ ಎರಡು ಬಳೆ ಆ ಕೋಡ್ ಸಿಗದ ಕಾಯಿಲೆಗೆ ಹೋದವು. ಕಿಡ್ನಿ ಕೊಟ್ಟು ಐದು ತಿಂಗಳಿಗೆ ಬಳೆ.

ಆಮೇಲೆ ಲಾಕ್‌ಡೌನ್ ಬಂತು. 2020ರ ಮಾರ್ಚ್ ಕೊನೆ. ಶಾಲೆ ಮುಚ್ಚಿತು, ಯೂನಿಫಾರ್ಮ್ ಯಾರಿಗೂ ಬೇಡವಾಯಿತು. ಆಗ ನಾನು ಒಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಇದ್ದ ಮಾತ್ರೆ ಎರಡು ವಾರ ಜಾಸ್ತಿ ಬರಲಿ ಎಂದು ರಾತ್ರಿಯ ಒಂದು ಕ್ಯಾಪ್ಸೂಲ್ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಡಾಕ್ಟರಿಗೆ ಹೇಳಿದ್ದು ಒಂದು ವರ್ಷದ ಮೇಲೆ. ಅವರು ಬೈಯಲಿಲ್ಲ. "ನೀವೊಬ್ಬರೇ ಅಲ್ಲ" ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಈಗ ಈ ಪತ್ರ ಬರೆಸಿದ ಮುಖ್ಯ ಸಂಗತಿಗೆ ಬರುತ್ತೇನೆ.

2022ರ ಮಳೆಗಾಲದಲ್ಲಿ ನನ್ನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಸಂಜೆ ಹೊತ್ತಿಗೆ ಮೈ ಬಿಸಿ. ಎರಡು ತಿಂಗಳಲ್ಲಿ ಆರು ಕೆ.ಜಿ. ಇಳಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಹಾಕಿ ನೋಡಿದರು, ಟಿಬಿ ಎಂದು ಬಂತು. ಕಾವಲು ಮಂಕಾದ ದೇಹಕ್ಕೆ ಟಿಬಿ ಬರುವುದು ನಮ್ಮ ದೇಶದ ಕಸಿ ರೋಗಿಗಳಲ್ಲಿ ಹೊಸ ಸುದ್ದಿಯೇನಲ್ಲ.

ಟಿಬಿ ವಿಭಾಗದವರ ಕೆಲಸ ನೋಡಿ ನಾನು ಬೆರಗಾದೆ. ಮರುದಿನವೇ ಮಾತ್ರೆ ಕೈಗೆ ಬಂತು, ಉಚಿತವಾಗಿ. ಬ್ಯಾಂಕ್ ಪಾಸ್‌ಬುಕ್ ಝೆರಾಕ್ಸ್ ತಗೊಂಡರು, ಪೌಷ್ಟಿಕ ಆಹಾರಕ್ಕೆ ಎಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಬೀಳತೊಡಗಿತು. ಒಬ್ಬ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ "ಮಾತ್ರೆ ತಗೊಂಡ್ರಾ ಅಣ್ಣ?" ಎಂದು ಕೇಳುತ್ತಿದ್ದ. ಮನೆಗೆ ಬಂದು ಅಮ್ಮನನ್ನು, ಹೆಂಡತಿಯನ್ನು, ಮಗಳನ್ನು ತಪಾಸಣೆ ಮಾಡಿಸಿದ. ಸರ್ಕಾರಿ ಆಸ್ಪತ್ರೆಯಲ್ಲಿ ಹೀಗೂ ನಡೆಯುತ್ತದೆ ಎಂದು ಕಣ್ಣಾರೆ ಕಂಡೆ.

ಆದರೆ ಆ ಮಾತ್ರೆಯಲ್ಲಿ ರಿಫಾಂಪಿಸಿನ್ ಇತ್ತು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ನಾನು ಕಸಿ ವಿಷಯ ಹೇಳಿದ್ದೆ. ಹರೆಯದ ಹುಡುಗ, ಎಂಬಿಬಿಎಸ್ ಮುಗಿಸಿ ಬಂದವರು. ಚೀಟಿಯಲ್ಲಿ ಬರೆದುಕೊಂಡರು. "ನಿಮ್ಮ ಬೆಂಗಳೂರು ಡಾಕ್ಟರನ್ನ ಒಂದು ಮಾತು ಕೇಳಿಬಿಡಿ" ಅಂದರು. ಎಲ್ಲಿ ಕೇಳುವುದು? ಡಿಸ್ಚಾರ್ಜ್ ಕಾರ್ಡಿನಲ್ಲಿದ್ದ ನಂಬರಿಗೆ ಮೂರು ದಿನ ಫೋನ್ ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ. ಒಂದು ಸಲ ಎತ್ತಿದವರು "ಓಪಿಡಿಗೆ ಬನ್ನಿ" ಎಂದು ಇಟ್ಟರು. ನನ್ನ ಮುಂದಿನ ತಾರೀಖು ಐದು ವಾರಕ್ಕಿತ್ತು. ಜ್ವರದಲ್ಲಿ 300 ಕಿಲೋಮೀಟರ್ ಹೋಗುವ ಶಕ್ತಿ ಇರಲಿಲ್ಲ. ಟಿಬಿ ಮಾತ್ರೆ ಬಿಡಬಾರದು ಎಂದು ಫೋನ್ ಮಾಡುವ ಟಿಬಿ ವಿಭಾಗದ ಹುಡುಗ ವಾರವಾರ ಹೇಳುತ್ತಿದ್ದ. ಬಿಡಲಿಲ್ಲ.

ರಿಫಾಂಪಿಸಿನ್ ಲಿವರಿನ ಕೆಲಸವನ್ನು ಜೋರು ಮಾಡುತ್ತದೆ. ಜೋರಾದ ಲಿವರ್ ಟ್ಯಾಕ್ರೋಲಿಮಸ್ಸನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ನಾನು ಗಡಿಯಾರ ನೋಡಿ ಎರಡು ಹೊತ್ತು ನುಂಗಿದ ಕ್ಯಾಪ್ಸೂಲ್ ರಕ್ತದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಐದು ವಾರಕ್ಕೆ ಬೆಂಗಳೂರಿನಲ್ಲಿ ನೋಡಿದಾಗ, 5ರಿಂದ 8ರ ನಡುವೆ ಇರಬೇಕಾದ ಲೆವೆಲ್, ಅಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ, 2ಕ್ಕಿಂತ ಕೆಳಗಿತ್ತು. ಕ್ರಿಯೇಟಿನಿನ್ 2.6. ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿದರು. ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ಹೊಡೆಯಲು ಶುರು ಮಾಡಿತ್ತು.

ಮೂರು ದಿನ ಸ್ಟೀರಾಯ್ಡ್ ಡ್ರಿಪ್, ದಿನಕ್ಕೆ 500 ಮಿಲಿಗ್ರಾಂ. ಶುಗರ್ 400 ದಾಟಿತು. ಅವತ್ತು ಶುರುವಾದ ಇನ್ಸುಲಿನ್ ಇವತ್ತಿಗೂ ಬಿಟ್ಟಿಲ್ಲ. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ತೆಗೆದು ಬೇರೆ ಹಾಕಿದರು. ಹಾಗೆ ಬದಲಾಯಿಸಿದರೆ ಕೋರ್ಸ್ ಉದ್ದವಾಗುತ್ತದೆ, ಆರು ತಿಂಗಳಿಗೆ ಮುಗಿಯಬೇಕಾದದ್ದು ಒಂದು ವರ್ಷ ದಾಟಿತು. ಕ್ರಿಯೇಟಿನಿನ್ 1.9ಕ್ಕೆ ಬಂದು ನಿಂತಿದೆ. ಮತ್ತೆ 1.1 ಆಗುವುದಿಲ್ಲ. ಅಮ್ಮ ಕೊಟ್ಟ ಕಿಡ್ನಿಯ ಆಯಸ್ಸಿನಲ್ಲಿ ಎಷ್ಟು ವರ್ಷ ಆ ಐದು ವಾರದಲ್ಲಿ ಹೋಯಿತೋ, ಡಾಕ್ಟರನ್ನು ಕೇಳಿಲ್ಲ. ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಹೇಗೆ ಕೇಳಲಿ?

ಆ ಹರೆಯದ ಡಾಕ್ಟರ್ ಮೇಲೆ ನನಗೆ ಕೋಪ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಕಸಿ ರೋಗಿ ಎಷ್ಟು ಜನ ಬರುತ್ತಾರೆ? ಬೆಂಗಳೂರಿನ ಡಾಕ್ಟರ್ ಮೇಲೂ ಕೋಪ ಇಲ್ಲ. ಅವರ ಓಪಿಡಿಯ ಸಾಲು ನಾನು ನೋಡಿದ್ದೇನೆ, ಅವರು ಊಟ ಮಾಡಿದ್ದನ್ನು ನೋಡಿಲ್ಲ. ಇಬ್ಬರೂ ಸರ್ಕಾರದವರೇ, ಇಬ್ಬರೂ ಒಳ್ಳೆಯವರೇ. ಒಬ್ಬರಿಗೊಬ್ಬರು ಮಾತಾಡಲು ಒಂದು ಫೋನ್ ನಂಬರ್ ಇರಲಿಲ್ಲ, ಅಷ್ಟೇ.

ಬೆಂಗಳೂರಿಗೆ ಹೋಗಿ ಬರುವ ಕಥೆಯನ್ನೂ ಸ್ವಲ್ಪ ಕೇಳಬೇಕು. ಟ್ಯಾಕ್ರೋಲಿಮಸ್ ಲೆವೆಲ್ ನೋಡಲು ಬೆಳಗಿನ ಮಾತ್ರೆ ತಗೊಳ್ಳುವ ಮೊದಲೇ ರಕ್ತ ಕೊಡಬೇಕು, ರಾತ್ರಿ ಮಾತ್ರೆ ತಗೊಂಡು ಸರಿಯಾಗಿ 12 ಗಂಟೆಗೆ. ಹಾಗಾಗಿ ರಾತ್ರಿ ಬಸ್ಸೇ ಗತಿ. ಒಂಬತ್ತು ಗಂಟೆಗೆ ಬಸ್ಸಿನಲ್ಲೇ ಕ್ಯಾಪ್ಸೂಲ್ ನುಂಗುತ್ತೇನೆ. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು, ಮಾಸ್ಕ್ ಬಿಗಿ ಮಾಡಿಕೊಂಡು ಆಸ್ಪತ್ರೆ ಸಾಲಿಗೆ. ಸೋಂಕು ತಗುಲಬಾರದು, ಗುಂಪಿನಲ್ಲಿ ಹೋಗಬೇಡಿ ಎಂದು ಬರೆದುಕೊಟ್ಟಿರುವ ಅದೇ ಆಸ್ಪತ್ರೆಯ ಸಾಲಿನಲ್ಲಿ ಮೂರು ಗಂಟೆ ನಿಲ್ಲುತ್ತೇನೆ. ಒಂಬತ್ತಕ್ಕೆ ರಕ್ತ ಕೊಡುವುದು, ಆಮೇಲೆ ಮಾತ್ರೆ, ಆಮೇಲೆ ಇಡ್ಲಿ. ರಿಪೋರ್ಟ್ ಬರುವುದು ಮರುದಿನ. ಡಾಕ್ಟರ್ ಮಧ್ಯಾಹ್ನಕ್ಕೆ ಓಪಿಡಿಯಿಂದ ವಾರ್ಡಿಗೆ ಹೋಗಿರುತ್ತಾರೆ. ಅಂದರೆ ರಿಪೋರ್ಟ್ ಇಲ್ಲದೆ ಡಾಕ್ಟರನ್ನು ನೋಡಬೇಕು, ಇಲ್ಲ ಒಂದು ರಾತ್ರಿ ಬೆಂಗಳೂರಿನಲ್ಲಿ ಉಳಿಯಬೇಕು. ಎಷ್ಟೋ ಸಲ ಆಸ್ಪತ್ರೆಯ ಮರದ ಕೆಳಗೇ ಮಲಗಿದ್ದೇವೆ. ಮರುದಿನ ಡಾಕ್ಟರ್ ಒಂದು ಸಾಲು ಬರೆಯುತ್ತಾರೆ: ಬೆಳಿಗ್ಗೆ ಎರಡು ಮಿಲಿಗ್ರಾಂ, ರಾತ್ರಿ ಒಂದೂವರೆ. ಆ ಒಂದು ಸಾಲಿಗೆ ಮೂರು ದಿನದ ಅಂಗಡಿ ಬಾಗಿಲು ಹಾಕಿರುತ್ತದೆ.

ಅಮ್ಮ ಯಾವಾಗಲೂ ಜೊತೆಗೆ ಬರುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ ಇಲ್ಲ. "ಕಿಡ್ನಿ ಕೊಟ್ಟೋಳಿಗೆ ಫ್ರೀ, ಇಸ್ಕೊಂಡೋನಿಗೆ ದುಡ್ಡು" ಎಂದು ಕಂಡಕ್ಟರ್ ಎದುರೇ ನಗುತ್ತಾರೆ. ಶಕ್ತಿ ಯೋಜನೆಗೆ ನನ್ನದೊಂದು ನಮಸ್ಕಾರ ಇದರಲ್ಲೇ ಸೇರಿಸಿಕೊಳ್ಳಿ.

ಮಾನ್ಯರೇ, ಈಗ ನನ್ನ ಪ್ರಶ್ನೆ. ಟ್ಯಾಕ್ರೋಲಿಮಸ್ ಟೆಸ್ಟಿಗೆ ಬೇಕಿರುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮೂರು ಎಂ.ಎಲ್. ರಕ್ತ. ಫ್ರಿಜ್ಜಿನ ತಂಪಿನಲ್ಲಿ ಇಟ್ಟರೆ ಆ ರಕ್ತ ಕೆಲವು ದಿನ ಕೆಡುವುದಿಲ್ಲ, ಇದನ್ನು ಲ್ಯಾಬಿನವರೇ ಹೇಳಿದ್ದು. ಖಾಸಗಿ ಲ್ಯಾಬಿನವರು ಪಕ್ಕದ ಜಿಲ್ಲಾ ಕೇಂದ್ರದಲ್ಲಿ ರಕ್ತ ತೆಗೆದು ಐಸ್ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ, ಅದಕ್ಕೆ ನನ್ನಿಂದ 2,000 ರೂಪಾಯಿ ಮೇಲೆ ತಗೊಳ್ಳುತ್ತಾರೆ. ಸರ್ಕಾರಕ್ಕೆ ಇದು ಯಾಕೆ ಆಗುವುದಿಲ್ಲ? ಟಿಬಿ ಕಫದ ಸ್ಯಾಂಪಲ್ ಊರಿಂದೂರಿಗೆ ಹೋಗುತ್ತದೆ. ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಟೆಸ್ಟಿಗೆ ರಕ್ತ ಹೋಗುತ್ತದೆ. ಪೆಟ್ಟಿಗೆ ಇದೆ, ಗಾಡಿ ಇದೆ, ರಕ್ತ ತೆಗೆಯುವವರು ಇದ್ದಾರೆ. ಮೂರು ಎಂ.ಎಲ್. ರಕ್ತ ಬೆಂಗಳೂರಿಗೆ ಹೋಗಲು ಅದರ ಸುತ್ತ ಇರುವ 56 ಕೆ.ಜಿ.ಯ ಮನುಷ್ಯನೂ ಹೋಗಲೇಬೇಕಾ?

ಎಚ್‌ಐವಿ ಹೆಸರು ಎತ್ತಿದೆನಲ್ಲ, ಅದನ್ನೇ ಮುಂದುವರಿಸುತ್ತೇನೆ. ಆ ಕಾಯಿಲೆಯವರಿಗೂ ಜೀವ ಇರುವವರೆಗೆ ದಿನಾ ಮಾತ್ರೆ. ಅವರದೂ ಒಂದು ಡೋಸ್ ತಪ್ಪಬಾರದ ಬದುಕು. 2004ರಿಂದ ಸರ್ಕಾರ ಅವರಿಗೆ ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ಜಿಲ್ಲಾ ಮಟ್ಟದಲ್ಲಿ ಕೇಂದ್ರ, ಹತ್ತಿರದಲ್ಲಿ ಲಿಂಕ್ ಕೇಂದ್ರ, ಮಾತಾಡಿ ಧೈರ್ಯ ಹೇಳಲು ಆಪ್ತ ಸಮಾಲೋಚಕರು. ಒಂದು ಕಾಲದಲ್ಲಿ ಇದು ಆಗದ ಕೆಲಸ ಅನ್ನುತ್ತಿದ್ದರಂತೆ. ಆಯಿತಲ್ಲ! ಕಸಿ ಆದವರ ಸಂಖ್ಯೆ ಅವರಿಗಿಂತ ಎಷ್ಟೋ ಕಡಿಮೆ. ಜಿಲ್ಲೆಗೊಂದು ಕಪಾಟು ಸಾಕು ನಮಗೆ.

ನನ್ನ ಒಂದು ತಿಂಗಳ ಮಾತ್ರೆ, ಇನ್ಸುಲಿನ್ ಸೇರಿ, 8,000 ರೂಪಾಯಿ ದಾಟುತ್ತದೆ. ಯೂನಿಫಾರ್ಮ್ ಸೀಸನ್ನಿನಲ್ಲಿ ಬಿಟ್ಟರೆ ಅಷ್ಟು ದುಡಿಮೆ ಅಂಗಡಿಯಲ್ಲಿ ಇಲ್ಲ. ಕೇಂದ್ರದ ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಬಡ ರೋಗಿಯ ಈ ಮಾತ್ರೆಗಳಿಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವು ಕೊಡಲು ಅವಕಾಶ ಇದೆ. ಆ ಕಾಗದ ಹಿಡಿದುಕೊಂಡು ನಾನು ನಾಲ್ಕು ಟೇಬಲ್ ಸುತ್ತಿದೆ. ಒಂದು ಟೇಬಲ್ಲಿನವರು ಅದನ್ನು ಮೊದಲ ಸಲ ನೋಡುತ್ತಿದ್ದರು, ನನ್ನಿಂದಲೇ ಝೆರಾಕ್ಸ್ ಇಸಿದುಕೊಂಡರು.

ಒಂದು ವಿಚಿತ್ರ ನೋಡಿ. ನಾಳೆ ನನ್ನ ಈ ಕಿಡ್ನಿ ಹೋದರೆ ಸರ್ಕಾರ ನನಗೆ ಮತ್ತೆ ಉಚಿತ ಡಯಾಲಿಸಿಸ್ ಕೊಡುತ್ತದೆ. ವಾರಕ್ಕೆ ಎರಡು ಮೂರು ಸಲ, ಬದುಕಿರುವವರೆಗೆ. ಯಂತ್ರ, ಟ್ಯೂಬು, ನೀರು, ಟೆಕ್ನಿಷಿಯನ್, ಎಲ್ಲ ಸರ್ಕಾರದ್ದೇ. ಕಿಡ್ನಿ ಹೋಗದಂತೆ ನೋಡಿಕೊಳ್ಳುವ ಮಾತ್ರೆಗೆ ಮಾತ್ರ ದುಡ್ಡಿಲ್ಲ. ಇದರಲ್ಲಿ ಯಾವುದು ಖಜಾನೆಗೆ ಅಗ್ಗ ಎಂದು ತಮ್ಮ ಅಧಿಕಾರಿಗಳೇ ಲೆಕ್ಕ ಹಾಕಲಿ. ಅಳತೆ ತೆಗೆಯುವುದಷ್ಟೇ ನನ್ನ ಕಸುಬು, ಆದರೂ ಉತ್ತರ ಏನು ಬರುತ್ತದೆ ಎಂದು ಊಹಿಸಬಲ್ಲೆ.

ಮಾತ್ರೆ ಕೊಡುವಾಗ ಇನ್ನೊಂದು ಎಚ್ಚರ ಬೇಕು. ಟೆಂಡರ್ ಬದಲಾದಂತೆ ಕಂಪನಿ ಬದಲಾಗುತ್ತದೆ. ಪ್ಯಾರಾಸಿಟಮಾಲಿಗೆ ಅದು ನಡೆಯುತ್ತದೆ. ಟ್ಯಾಕ್ರೋಲಿಮಸ್‌ಗೆ ಕಂಪನಿ ಬದಲಾಯಿಸಿದರೆ ಡಾಕ್ಟರಿಗೆ ತಿಳಿಸಿ, ಲೆವೆಲ್ ನೋಡಿಯೇ ಮುಂದುವರಿಯಬೇಕು. ಒಂದು ಸಲ ಮೆಡಿಕಲ್ ಶಾಪಿನವರು "ಎರಡೂ ಒಂದೇ ಅಣ್ಣ, ಇದು ಕಡಿಮೆ ರೇಟು" ಎಂದು ಬೇರೆ ಪಟ್ಟಿ ಕೊಟ್ಟರು. ನಾನೂ ಕಡಿಮೆ ರೇಟಿಗೆ ಖುಷಿಪಟ್ಟೆ. ಡಾಕ್ಟರ್ ನೋಡಿ ತಲೆ ಚಚ್ಚಿಕೊಂಡರು.

ತಿಳಿವಳಿಕೆಯ ಮಾತು ಬಂದಿದ್ದರಿಂದ ಹಣ್ಣಿನ ಕಥೆ ಹೇಳಿಬಿಡುತ್ತೇನೆ. ಡಿಸ್ಚಾರ್ಜ್ ದಿನ ಒಂದು ಕಾಗದ ಕೊಟ್ಟಿದ್ದರು, ಪೂರ್ತಿ ಇಂಗ್ಲಿಷ್. ಅದರಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದಿತ್ತು. ಎಂಟನೇ ಕ್ಲಾಸಿನಲ್ಲಿದ್ದ ಮಗಳು ಓದಿ "ಅಪ್ಪಾ, ದ್ರಾಕ್ಷಿ ತಿನ್ನಬಾರದಂತೆ" ಅಂದಳು. ನಾವು ದ್ರಾಕ್ಷಿ ಬಿಟ್ಟೆವು, ಪಾಯಸದ ಒಣದ್ರಾಕ್ಷಿಯನ್ನೂ ಆರಿಸಿ ತೆಗೆದೆವು. ಆಮೇಲೆ ನಮ್ಮ ಮಾವ ದೇವನಹಳ್ಳಿ ಕಡೆಯಿಂದ ಚಕ್ಕೋತ ತಂದರು. ಒಂದು ವಾರ ದಿನಾ ತಿಂದೆ. ಕೈ ನಡುಕ ಎಷ್ಟಾಯಿತೆಂದರೆ ಕತ್ತರಿ ಹಿಡಿಯಲು ಆಗಲಿಲ್ಲ, ಲೆವೆಲ್ ಏರಿಬಿಟ್ಟಿತ್ತು. ಆ ಇಂಗ್ಲಿಷ್ ಹಣ್ಣು ನಮ್ಮ ಚಕ್ಕೋತದ ಜಾತಿಯದ್ದಂತೆ, ದ್ರಾಕ್ಷಿಗೂ ಅದಕ್ಕೂ ಸಂಬಂಧವೇ ಇಲ್ಲ! ಕನ್ನಡದಲ್ಲಿ "ಚಕ್ಕೋತ ಬೇಡ" ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡ ಆಸ್ಪತ್ರೆ ಕಟ್ಟಿಸಿ ಎಂದಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೆ ಒಂದು ಬೆಳಿಗ್ಗೆ ಕಸಿ ರೋಗಿಗಳ ರಕ್ತ ತೆಗೆದು ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸಲಿ. ರಿಪೋರ್ಟ್ ನೋಡಿ ಡಾಕ್ಟರ್ ಫೋನಿನಲ್ಲೋ ವಿಡಿಯೋದಲ್ಲೋ ಡೋಸ್ ಹೇಳಲಿ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ನಾವೇ ಹೋಗಿ ಮುಖ ತೋರಿಸಿ ಬರುತ್ತೇವೆ, ಅದಕ್ಕೆ ತಕರಾರಿಲ್ಲ. ಮಾತ್ರೆಯನ್ನು ಮೊದಲ ವರ್ಷಕ್ಕೆ ನಿಲ್ಲಿಸದೆ ಕಿಡ್ನಿ ಕೆಲಸ ಮಾಡುವಷ್ಟು ಕಾಲ ಅದೇ ಜಿಲ್ಲಾಸ್ಪತ್ರೆಯಲ್ಲಿ ಕೊಡಿ. ಸಿಎಂವಿ, ಕಸಿ ಕಿಡ್ನಿಯನ್ನು ಕೆಡಿಸುವ ಬಿಕೆ ವೈರಸ್, ರಿಜೆಕ್ಷನ್, ಬಯಾಪ್ಸಿ, ಇವಕ್ಕೂ ಯೋಜನೆಯಲ್ಲಿ ಕೋಡ್ ಹಾಕಿ. ಇವು ಅಪರೂಪದ ಕಾಯಿಲೆಗಳೇನಲ್ಲ, ಕಸಿ ಮಾಡಿದ ಯಾವ ಡಾಕ್ಟರನ್ನು ಕೇಳಿದರೂ ಬೆರಳು ಮಡಚಿ ಹೇಳುತ್ತಾರೆ.

ಇನ್ನು ಆ ಫೋನ್ ನಂಬರ್. ಕಸಿ ಮಾಡುವ ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಇರಲೇಬೇಕು ಎಂದು 2011ರ ತಿದ್ದುಪಡಿ ಆದ ಮೇಲೆ ಕಾನೂನೇ ಹೇಳುತ್ತದೆ. ನನ್ನ ಆಪರೇಷನ್ನಿಗೆ ಮೊದಲು ಅವರು ಎಷ್ಟು ಓಡಾಡಿದರು! ಕಮಿಟಿ ಒಪ್ಪಿಗೆ, ಅಮ್ಮನ ಕಾಗದ ಪತ್ರ, ಎಲ್ಲ ಅವರೇ ಮಾಡಿಸಿದರು. ಆಪರೇಷನ್ ಆದ ಮೇಲೆ ಅವರ ಕೈಯಲ್ಲಿ ಹೊಸ ರೋಗಿಗಳ ಫೈಲ್ ಇರುತ್ತದೆ. ಹಳೆಯ ರೋಗಿಗಳಿಗೆ ಎಂದೇ ಒಬ್ಬರನ್ನು ನೇಮಿಸಿ. ಹಗಲು ರಾತ್ರಿ ಎತ್ತುವ ಒಂದು ನಂಬರ್ ಕೊಡಿ, ಅದು ರೋಗಿಗಿಂತ ಮುಖ್ಯವಾಗಿ ತಾಲ್ಲೂಕು ಡಾಕ್ಟರಿಗೆ ಬೇಕು. ಪ್ರತಿ ಕಸಿ ರೋಗಿಯ ಕೈಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವ ಒಂದು ಕಾರ್ಡ್ ಕೊಡಿ: ನಾನು ಕಸಿ ರೋಗಿ, ರಿಫಾಂಪಿಸಿನ್, ಎರಿಥ್ರೋಮೈಸಿನ್, ಫ್ಲುಕೊನಜೋಲ್ ಕೇಳದೆ ಕೊಡಬೇಡಿ, ನೋವಿಗೆ ಕೊಡುವ ಡೈಕ್ಲೋಫೆನಾಕ್ ಬೇಡ, ಈ ನಂಬರಿಗೆ ಫೋನ್ ಮಾಡಿ. ಆ ಕಾರ್ಡ್ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ? 2022ರಲ್ಲಿ ಅದು ನನ್ನ ಜೇಬಿನಲ್ಲಿ ಇದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಕೊಟ್ಟವರನ್ನೂ ಮರೆಯಬಾರದು. ಒಂದೇ ಕಿಡ್ನಿಯಲ್ಲಿರುವ ಅಮ್ಮನಿಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯೇಟಿನಿನ್ ನೋಡಿಸಬೇಕು. ನನ್ನ ಚೀಟಿಯ ಹಿಂದೆ ಅವರದೂ ಬರೆಸಿಕೊಂಡು ಬರುತ್ತೇನೆ, ಅವರ ಹೆಸರಿನಲ್ಲಿ ಒಂದು ಫೈಲ್ ಇಲ್ಲ. ಓಪಿಡಿಯಲ್ಲಿ ನಾನು ಕಂಡಂತೆ ಕೊಟ್ಟವರು ಹೆಚ್ಚಾಗಿ ತಾಯಂದಿರು, ಹೆಂಡತಿಯರು. ತಮಗಾಗಿ ಟೆಸ್ಟ್ ಮಾಡಿಸಿ ಎಂದು ಕೇಳುವವರಲ್ಲ ಅವರು.

ಪ್ರತಿ ವರ್ಷ ಆಗಸ್ಟ್ 3ಕ್ಕೆ ಅಂಗಾಂಗ ದಾನ ದಿನ ಆಚರಿಸುತ್ತಾರೆ. ವೇದಿಕೆ ಮೇಲೆ ಇಷ್ಟು ಕಸಿ ಮಾಡಿದೆವು ಎಂದು ಹೇಳುತ್ತಾರೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ, ಆ ದುಃಖದಲ್ಲೂ ಅವರ ಮನೆಯವರು ಅಂಗಾಂಗ ದಾನ ಮಾಡಿದರು. ಇಡೀ ರಾಜ್ಯ ಕೈ ಮುಗಿಯಿತು. ದಾನದ ಅಂಗಾಂಗ ಹಂಚುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು ಇಂಥ ಮನೆಗಳ ದೊಡ್ಡತನದ ಮೇಲೆಯೇ ಬದುಕಿದ್ದಾರೆ. ಅದಕ್ಕೇ ಕೇಳುತ್ತೇನೆ. ಮುಂದಿನ ಆಗಸ್ಟ್ 3ಕ್ಕೆ ಎಷ್ಟು ಕಸಿ ಮಾಡಿದೆವು ಎನ್ನುವುದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಓದಿ. ಸರ್ಕಾರದ ದುಡ್ಡಿನಲ್ಲಿ ಹಾಕಿದ ಕಿಡ್ನಿಗಳಲ್ಲಿ ಒಂದು ವರ್ಷಕ್ಕೆ ಎಷ್ಟು ಕೆಲಸ ಮಾಡುತ್ತಿವೆ, ಐದು ವರ್ಷಕ್ಕೆ ಎಷ್ಟು? ಹೋದವುಗಳಲ್ಲಿ ಎಷ್ಟು ಮಾತ್ರೆ ಇಲ್ಲದೆ ಹೋದವು? ಆಸ್ಪತ್ರೆವಾರು, ಜಿಲ್ಲಾವಾರು ಪ್ರಕಟಿಸಿ. ಕೊಟ್ಟವರಿಗೆ ಆ ಲೆಕ್ಕ ಕೇಳುವ ಹಕ್ಕಿದೆ, ಅಲ್ವಾ?

ಡಯಾಲಿಸಿಸ್‌ಗೆಂದು ನನ್ನ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇನ್ನೂ ಹಾಗೇ ಇದೆ. ಮುಚ್ಚುವುದು ಬೇಡ, ಇರಲಿ, ಮುಂದೆ ಬೇಕಾಗಬಹುದು ಎಂದಿದ್ದಾರೆ ಡಾಕ್ಟರ್. ರಾತ್ರಿ ಆ ಕೈ ತಲೆ ಕೆಳಗೆ ಇಟ್ಟು ಮಲಗಿದರೆ ಗುಂಯ್ ಎಂದು ರಕ್ತ ಹರಿಯುವ ಸದ್ದು ಕೇಳಿಸುತ್ತದೆ.

ಮುಂದಿನ ತಿಂಗಳು 9ಕ್ಕೆ ನನ್ನ ತಾರೀಖು ಇದೆ. 8ರ ರಾತ್ರಿ ಬಸ್ಸಿಗೆ ಸೀಟು ಬುಕ್ ಮಾಡಿದ್ದೇನೆ. ಅದರ ಮುಂದಿನ ಸಲಕ್ಕೆ ನಮ್ಮ ಜಿಲ್ಲಾಸ್ಪತ್ರೆಯಲ್ಲೇ ರಕ್ತ ಕೊಡುವಂತಾದರೆ ಪತ್ರಿಕೆಯಲ್ಲಿ ತಿಳಿಸಿದರೂ ಸಾಕು, ನೋಡಿಕೊಳ್ಳುತ್ತೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಒಬ್ಬ ಕಿಡ್ನಿ ಕಸಿ ರೋಗಿ